ಮೊಸರೇ, ಬಾಟಲಿಯೇ, ಕ್ಯಾಪ್ಸೂಲೇ: ಕರುಳಿನ ಬ್ಯಾಕ್ಟೀರಿಯಾಗಳಿಗೆ ಯಾವುದು ಹಿತ?

ಔಷಧ ಅಂಗಡಿಯ ಗಾಜಿನ ಕಪಾಟಿನಲ್ಲಿ ಈಗ ಒಂದು ಸಾಲೇ ಪ್ರೊಬಯಾಟಿಕ್‌ಗಳಿಗೆ ಮೀಸಲು. ಕ್ಯಾಪ್ಸೂಲ್ ಇದೆ, ಪುಡಿಯ ಪೊಟ್ಟಣ ಇದೆ, ಬೆರಳುದ್ದದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರಿನಂಥ ದ್ರಾವಣವೂ ಇದೆ. ಸೂಪರ್ ಮಾರ್ಕೆಟ್ಟಿನ ಫ್ರಿಜ್‌ನಲ್ಲಿ ಪುಟ್ಟ ಬಾಟಲಿಯ ಸಿಹಿ ಪಾನೀಯ, ಹಾಲಿನ ಬೂತಿನಲ್ಲಿ ಮೊಸರಿನ ಪ್ಯಾಕೆಟ್, ಅಡುಗೆಮನೆಯಲ್ಲಿ ರಾತ್ರಿ ಹೆಪ್ಪು ಹಾಕಿಟ್ಟ ಪಾತ್ರೆ. ಎಲ್ಲದರ ಬಗ್ಗೆಯೂ ಕೇಳಿಬರುವ ಮಾತು ಒಂದೇ: ಹೊಟ್ಟೆಗೆ ಒಳ್ಳೆಯ ಬ್ಯಾಕ್ಟೀರಿಯಾ. ಖರ್ಚು ಮಾತ್ರ ಒಂದು ಲೋಟ ಹಾಲಿನ ಬೆಲೆಯಿಂದ ಹಿಡಿದು ತಿಂಗಳಿಗೆ ಸಾವಿರಾರು ರೂಪಾಯಿಯವರೆಗೆ ಹೋಗುತ್ತದೆ.

ಯಾವುದನ್ನು ಆರಿಸಬೇಕು ಎಂದು ಕೇಳುವವರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆರೋಗ್ಯವಾಗಿರುವವರು ದುಡ್ಡು ಕೊಟ್ಟು ಬ್ಯಾಕ್ಟೀರಿಯಾ ಕೊಳ್ಳಬೇಕಾಗಿಲ್ಲ. ಮೊಸರು, ಮಜ್ಜಿಗೆ ಮತ್ತು ನಾರು ತುಂಬಿದ ಊಟ ಸಾಕು. ಕಾಯಿಲೆಗೆಂದು ಕೊಳ್ಳುವುದಾದರೆ ಆ ಕಾಯಿಲೆಯ ಮೇಲೆ ಪರೀಕ್ಷಿಸಿ ನೋಡಿದ ತಳಿಯನ್ನೇ ಕೊಳ್ಳಬೇಕು, ಗೊತ್ತುಪಡಿಸಿದಷ್ಟೇ ದಿನ ತೆಗೆದುಕೊಳ್ಳಬೇಕು. ಈ ಎರಡು ಸಂದರ್ಭಗಳನ್ನು ಬೆರೆಸಿಕೊಂಡಾಗಲೇ ಹಣ ಪೋಲಾಗುವುದು.

ಕರುಳಿನೊಳಗಿನ ಲೆಕ್ಕ

ಸರಾಸರಿ ಮೈಕಟ್ಟಿನ ಒಬ್ಬ ವಯಸ್ಕರ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಮನುಷ್ಯನ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಈ ಬ್ಯಾಕ್ಟೀರಿಯಾಗಳ ಒಟ್ಟು ತೂಕ 200 ಗ್ರಾಂ ಆಸುಪಾಸು. ಬಹುಪಾಲು ವಾಸ ದೊಡ್ಡ ಕರುಳಿನಲ್ಲಿ. ನಮ್ಮಿಂದ ಅರಗಿಸಲಾಗದ ನಾರನ್ನು ಅವು ತಿನ್ನುತ್ತವೆ. ತಿಂದು ಬ್ಯುಟಿರೇಟ್‌ನಂಥ ಸಣ್ಣ ಆಮ್ಲಗಳನ್ನು ಬಿಡುಗಡೆ ಮಾಡುತ್ತವೆ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಆ ಬ್ಯುಟಿರೇಟೇ ಮುಖ್ಯ ಆಹಾರ. ಹೊರಗಿನಿಂದ ಬರುವ ರೋಗಾಣುಗಳಿಗೆ ಅಲ್ಲಿ ನೆಲೆಯೂರಲು ಜಾಗ ಸಿಗದಂತೆ ನೋಡಿಕೊಳ್ಳುವುದೂ ಈ ನೆಲಸಿಗರೇ.

ಈಗ 500 ಕೋಟಿ ಬ್ಯಾಕ್ಟೀರಿಯಾ ಇರುವ ಒಂದು ಕ್ಯಾಪ್ಸೂಲನ್ನು ಈ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿ. ಏಳೂವರೆ ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ. ಅದರಲ್ಲೂ ಜಠರದ ಆಮ್ಲವನ್ನು ದಾಟಿ ಬದುಕಿ ಬರುವವು ಇನ್ನೂ ಕಡಿಮೆ. ಬಂದವು ಅಲ್ಲಿ ಬೇರು ಬಿಡುವುದೂ ಅಪರೂಪ. ಸೇವನೆ ನಿಲ್ಲಿಸಿದ ಕೆಲವು ದಿನ ಅಥವಾ ವಾರಗಳಲ್ಲಿ ಬಹುತೇಕರ ಮಲದಲ್ಲಿ ಅವುಗಳ ಸುಳಿವೇ ಸಿಗುವುದಿಲ್ಲ. ಅವು ಬಂದು ಹೋಗುವ ನೆಂಟರು. ಇದ್ದಷ್ಟು ದಿನ ಒಂದಿಷ್ಟು ಕೈಜೋಡಿಸಿಯಾವು, ಮನೆ ನಡೆಸುವವರು ಮಾತ್ರ ಮೊದಲಿನಿಂದ ಅಲ್ಲಿರುವವರೇ. ಆದ್ದರಿಂದ ಕರುಳಿನ ಸಮತೋಲನವನ್ನು ಕಾಪಾಡಬೇಕೆಂದರೆ ಮೊದಲು ಯೋಚಿಸಬೇಕಾದದ್ದು ಅಲ್ಲಿ ನೆಲಸಿರುವವುಗಳ ಹೊಟ್ಟೆಪಾಡಿನ ಬಗ್ಗೆ.

ಹುಳಿಹಾಲಿನ ಮೇಲಿನ ಈ ನಂಬಿಕೆಗೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆ ಇದೆ. 1905ರಲ್ಲಿ ಸ್ಟಾಮೆನ್ ಗ್ರಿಗೊರೊವ್ ಎಂಬ ವೈದ್ಯಕೀಯ ವಿದ್ಯಾರ್ಥಿ ತನ್ನ ದೇಶವಾದ ಬಲ್ಗೇರಿಯಾದ ಮೊಸರಿನಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಗುರುತಿಸಿದರು. 1908ರಲ್ಲಿ ನೊಬೆಲ್ ಪಡೆದ ವಿಜ್ಞಾನಿ ಎಲೀ ಮೆಚ್ನಿಕಾಫ್, ಬಲ್ಗೇರಿಯಾದ ರೈತರ ದೀರ್ಘಾಯುಷ್ಯಕ್ಕೆ ಆ ಹುಳಿಹಾಲೇ ಕಾರಣವಿರಬಹುದೆಂದು ವಾದಿಸಿದರು. ವಾದ ಪೂರ್ತಿ ಸಾಬೀತಾಗಲಿಲ್ಲ, ಆದರೆ ಒಂದು ದೊಡ್ಡ ಹುಡುಕಾಟಕ್ಕೆ ಅದು ದಾರಿ ತೆರೆಯಿತು. 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಪ್ರೊಬಯಾಟಿಕ್‌ಗೆ ವ್ಯಾಖ್ಯೆ ಕೊಟ್ಟರು. ಸೂಕ್ಷ್ಮಜೀವಿ ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ಸೇವಿಸಿದವರಿಗೆ ಆರೋಗ್ಯದ ಲಾಭ ತರಬೇಕು. ಈ ಅಳತೆಯಲ್ಲಿ ಮನೆಯ ಮೊಸರು ಪ್ರೊಬಯಾಟಿಕ್ ಅನ್ನಿಸಿಕೊಳ್ಳುವುದಿಲ್ಲ, ಏಕೆಂದರೆ ಅದರಲ್ಲಿ ಯಾವ ತಳಿ ಎಷ್ಟಿದೆಯೆಂದು ಯಾರೂ ಎಣಿಸಿಲ್ಲ. ಹಾಗೆಂದು ಮೊಸರನ್ನು ಕೆಳಗಿಳಿಸಬೇಕಾಗಿಲ್ಲ.

ಮನೆಯ ಮೊಸರು, ಪ್ಯಾಕೆಟ್ ಮೊಸರು

ಹಾಲನ್ನು ಕಾಯಿಸಿ, ಉಗುರುಬೆಚ್ಚಗಾಗುವವರೆಗೆ ಆರಿಸಿ, ಒಂದು ಚಮಚ ಹೆಪ್ಪು ಕದಡಿ ಮುಚ್ಚಿಡುತ್ತೇವೆ. ಅಷ್ಟರಲ್ಲಿ ಆಗುವ ಕೆಲಸ ದೊಡ್ಡದು. ಹೆಪ್ಪಿನ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ, ಆಮ್ಲಕ್ಕೆ ಹಾಲಿನ ಪ್ರೋಟೀನು ಗಟ್ಟಿಗೊಳ್ಳುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಮಧ್ಯಾಹ್ನ ಹಾಕಿದ ಹೆಪ್ಪು ಸಂಜೆಗೆ ಹುಳಿಯೇರುತ್ತದೆ; ಡಿಸೆಂಬರಿನ ಮಡಿಕೇರಿಯಲ್ಲಿ ಪಾತ್ರೆಗೆ ಬಟ್ಟೆ ಸುತ್ತಿ ಒಲೆಯ ಪಕ್ಕದಲ್ಲಿಟ್ಟರೂ ಬೆಳಗಿನವರೆಗೆ ಕಾಯಬೇಕು. ಹೆಪ್ಪು ಮನೆಯಿಂದ ಮನೆಗೆ ಬೇರೆಯಾದ್ದರಿಂದ ಅದರಲ್ಲಿನ ಬ್ಯಾಕ್ಟೀರಿಯಾಗಳ ಬೆರಕೆಯೂ ಬೇರೆ.

ಮೊಸರಿನ ಒಂದು ಗುಣದ ಬಗ್ಗೆ ತಕರಾರಿಲ್ಲ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವವರು ಮೊಸರನ್ನು ಸಲೀಸಾಗಿ ಅರಗಿಸಿಕೊಳ್ಳುತ್ತಾರೆ, ಏಕೆಂದರೆ ಅದರ ಜೀವಂತ ಬ್ಯಾಕ್ಟೀರಿಯಾಗಳೇ ಲ್ಯಾಕ್ಟೋಸ್ ಒಡೆಯಲು ನೆರವಾಗುತ್ತವೆ. ಕಂಪನಿಗಳ ಪ್ರೊಬಯಾಟಿಕ್ ಹೇಳಿಕೆಗಳನ್ನು ಒಂದರ ಮೇಲೊಂದು ತಿರಸ್ಕರಿಸಿದ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ, ಮೊಸರಿನ ಜೀವಂತ ಬ್ಯಾಕ್ಟೀರಿಯಾದ ಈ ಗುಣವನ್ನು ಮಾತ್ರ 2010ರಲ್ಲಿ ಒಪ್ಪಿಕೊಂಡಿತು. ಕ್ಯಾಲ್ಸಿಯಂ, ಪ್ರೋಟೀನು ಜೊತೆಗೆ ಬರುತ್ತವೆ.

ಜೀವಂತ ಬ್ಯಾಕ್ಟೀರಿಯಾ ಬೇಕೆಂದರೆ ಮೊಸರನ್ನು ಹೇಗೆ ತಿನ್ನುತ್ತೇವೆ ಎಂಬುದೂ ಮುಖ್ಯ. ಮಜ್ಜಿಗೆ ಹುಳಿಯನ್ನು ಕುದಿಸಿದಾಗ ರುಚಿ ಉಳಿಯುತ್ತದೆ, ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಹಬೆಯಾಡುವ ಅನ್ನಕ್ಕೆ ಮೊಸರು ಸುರಿದರೂ ಅರ್ಧ ನಷ್ಟವೇ. ಅನ್ನ ಆರಿದ ಮೇಲೆ ಕಲಸಬೇಕು. ಈ ದೃಷ್ಟಿಯಿಂದ ಮಲೆನಾಡಿನ ತಂಬುಳಿಯನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಕಾಯಿ, ಜೀರಿಗೆ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸುತ್ತಾರೆ, ಆಮೇಲೆ ಒಲೆಯ ಮೇಲಿಡುವುದೇ ಇಲ್ಲ. ಸೊಪ್ಪಿನ ನಾರು, ಮಜ್ಜಿಗೆಯ ಬ್ಯಾಕ್ಟೀರಿಯಾ ಎರಡೂ ಒಂದೇ ಬಟ್ಟಲಿನಲ್ಲಿ. ಕೋಸಂಬರಿಯ ಮೇಲೆ ಮೊಸರು ಹಾಕಿದರೂ ಇದೇ ಲಾಭ.

ಪ್ಯಾಕೆಟ್ ಮೊಸರನ್ನು ಡೇರಿಯವರು ಪಾಶ್ಚರೀಕರಿಸಿದ ಹಾಲಿಗೆ ಆಯ್ದ ಹೆಪ್ಪು ಹಾಕಿ ತಯಾರಿಸುತ್ತಾರೆ. ಬೂತಿನಿಂದ ಮನೆಗೆ ಬರುವವರೆಗೂ ತಣ್ಣಗಿದ್ದರೆ ಬ್ಯಾಕ್ಟೀರಿಯಾ ಜೀವಂತವಾಗಿರುತ್ತವೆ. ಮನೆಯದಕ್ಕಿಂತ ಅದು ಕಡಿಮೆಯೇನಲ್ಲ. ಸಮಯವಿಲ್ಲದವರು ಸಂಕೋಚವಿಲ್ಲದೆ ತರಬಹುದು. ಫ್ರಿಜ್ ಇಲ್ಲದೆಯೇ ತಿಂಗಳುಗಟ್ಟಲೆ ಕೆಡದ ಪೆಟ್ಟಿಗೆ ಮಜ್ಜಿಗೆಯ ಮಾತು ಬೇರೆ. ಅಷ್ಟು ಕಾಲ ಬಾಳಲೆಂದು ಅದನ್ನು ತಯಾರಾದ ಮೇಲೆ ಮತ್ತೆ ಬಿಸಿ ಮಾಡಿರುತ್ತಾರೆ. ಬಾಯಾರಿಕೆಗೆ ಸರಿ, ಬ್ಯಾಕ್ಟೀರಿಯಾಕ್ಕಲ್ಲ. ಹಣ್ಣಿನ ಪರಿಮಳದ ಸಿಹಿ ಯೋಗರ್ಟ್ ಕೊಳ್ಳುವ ಮುನ್ನ ಸಕ್ಕರೆಯ ಸಾಲನ್ನು ಓದಿಕೊಳ್ಳಿ.

ಇಡ್ಲಿ, ಅಂಬಲಿ, ಉಪ್ಪಿನಕಾಯಿ

ಇಡ್ಲಿಯನ್ನು ಪ್ರೊಬಯಾಟಿಕ್ ಎಂದು ಹೊಗಳುವ ಬರಹಗಳು ಬಹಳ. ರುಬ್ಬಿದ ಹಿಟ್ಟು ರಾತ್ರಿ ಉಬ್ಬುವುದು ಲ್ಯೂಕೊನಾಸ್ಟಾಕ್ ಮುಂತಾದ ಬ್ಯಾಕ್ಟೀರಿಯಾಗಳಿಂದ ಎಂಬುದು ನಿಜ. ಬೆಳಿಗ್ಗೆ ಹಬೆಯಲ್ಲಿ ಅವೆಲ್ಲ ಸಾಯುತ್ತವೆ ಎಂಬುದೂ ಅಷ್ಟೇ ನಿಜ. ಹುದುಗಿದ್ದರಿಂದ ಇಡ್ಲಿ ಸುಲಭವಾಗಿ ಅರಗುತ್ತದೆ, ಕಬ್ಬಿಣದಂಥ ಖನಿಜಗಳನ್ನು ಹಿಡಿದಿಡುವ ಫೈಟೇಟ್ ತಗ್ಗುತ್ತದೆ. ಅಷ್ಟಕ್ಕೇ ಅದನ್ನು ಮೆಚ್ಚೋಣ, ಇಲ್ಲದ ಗುಣವನ್ನು ಹೇರುವುದು ಬೇಡ.

ಅಂಬಲಿ ಹಾಗಲ್ಲ. ರಾಗಿ ಹಿಟ್ಟನ್ನು ನೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಸುರಿದು, ಗಂಟಾಗದಂತೆ ತಿರುವಿ ಗಂಜಿಯಾಗಿಸುತ್ತಾರೆ. ಆರಿದ ಮೇಲೆ ಮಡಕೆಯಲ್ಲಿ ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ಮುಚ್ಚಳ ತೆಗೆಯುತ್ತಲೇ ತೆಳುವಾದ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಅದಕ್ಕೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಬೆರೆಸಿ ಕುಡಿಯುತ್ತಾರೆ. ಬೇಯಿಸಿದ ನಂತರ ಹುದುಗಿದ್ದರಿಂದ ಬ್ಯಾಕ್ಟೀರಿಯಾ ಜೀವಂತ. ಮಜ್ಜಿಗೆಯವು ಅವಕ್ಕೆ ಸೇರುತ್ತವೆ. ರಾಗಿಯ ಮತ್ತು ಈರುಳ್ಳಿಯ ನಾರು ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಹಾರ. ಉತ್ತರ ಕರ್ನಾಟಕದ ಜೋಳದ ಅಂಬಲಿಯೂ ಹೀಗೆಯೇ. ಹಿಟ್ಟನ್ನು ಮೊದಲೇ ಹುಳಿ ಬರಿಸಿ ಆಮೇಲೆ ಕುದಿಸುವ ಕ್ರಮವೂ ಕೆಲವೆಡೆ ಇದೆ. ಆಗ ಜೀವಂತ ಬ್ಯಾಕ್ಟೀರಿಯಾ ಬರುವುದು ಕೊನೆಗೆ ಬೆರೆಸುವ ಮಜ್ಜಿಗೆಯಿಂದ. ಪಾತ್ರೆ, ನೀರು ಶುದ್ಧವಾಗಿರಬೇಕು ಎಂಬುದೊಂದೇ ಷರತ್ತು. ಹುಳಿಯಲ್ಲದ ಕೆಟ್ಟ ವಾಸನೆ ಬಂದರೆ, ಮೇಲೆ ಬೂಷ್ಟು ಕಂಡರೆ ಚೆಲ್ಲಿಬಿಡಬೇಕು.

ಉಪ್ಪಿನಕಾಯಿಯಲ್ಲಿ ಉಪ್ಪು ವಿಪರೀತ, ತಿನ್ನುವುದು ಚೂರು. ಕರುಳಿನ ಲೆಕ್ಕದಲ್ಲಿ ಅದನ್ನು ಬಿಟ್ಟುಬಿಡಬಹುದು.

ಪುಟ್ಟ ಬಾಟಲಿಯ ಪಾನೀಯ

ಜಪಾನಿನ ಮಿನೊರು ಶಿರೋಟ 1930ರಲ್ಲಿ ಒಂದು ಲ್ಯಾಕ್ಟೋಬ್ಯಾಸಿಲಸ್ ತಳಿಯನ್ನು ಬೆಳೆಸಿದರು. 1935ರಲ್ಲಿ ಅದು ಯಾಕುಲ್ಟ್ ಪಾನೀಯವಾಗಿ ಮಾರುಕಟ್ಟೆಗೆ ಬಂತು. ಭಾರತದಲ್ಲಿ ಸಿಗುವ 65 ಮಿಲಿಲೀಟರ್ ಬಾಟಲಿಯಲ್ಲಿ 650 ಕೋಟಿಗೂ ಹೆಚ್ಚು ಶಿರೋಟ ತಳಿ ಇದೆ ಎಂದು ಅದರ ಮೇಲೆಯೇ ಬರೆದಿದೆ. ತಳಿಯ ಹೆಸರು, ಸಂಖ್ಯೆ ಎರಡನ್ನೂ ಸ್ಪಷ್ಟವಾಗಿ ಹೇಳುವುದು ಇಂಥ ಪಾನೀಯಗಳ ಹೆಚ್ಚುಗಾರಿಕೆ. ಕೊರತೆ ಎಂದರೆ ಸಕ್ಕರೆ: ಮಾಮೂಲಿ ಬಗೆಯ ಒಂದು ಬಾಟಲಿಯಲ್ಲಿ ಸುಮಾರು ಎರಡು ಟೀ ಚಮಚದಷ್ಟಿರುತ್ತದೆ. ಮಧುಮೇಹ ಇರುವವರು ಸಕ್ಕರೆ ಕಡಿಮೆ ಇರುವ ಬಗೆಯನ್ನು ಹುಡುಕಬೇಕು. ಮೊಸರನ್ನು ಮುಟ್ಟದ ಮಗುವಿಗೆ ಕೊಡುವುದಾದರೆ ಕೊಡಿ, ನನ್ನ ಅಡ್ಡಿಯಿಲ್ಲ. ದಿನವೂ ಮಜ್ಜಿಗೆ ಕುಡಿಯುವ ಮನೆಗೆ ಅದು ಬೇಕಾಗಿಲ್ಲ.

ಕ್ಯಾಪ್ಸೂಲ್ ಮತ್ತು ಪುಡಿ

ಇಲ್ಲಿ ನಿಧಾನವಾಗಿ ನೋಡಬೇಕು. ಒಂದು ತಳಿ ಮಾಡುವ ಕೆಲಸವನ್ನು ಇನ್ನೊಂದು ಮಾಡುತ್ತದೆ ಎನ್ನುವಂತಿಲ್ಲ. ಪೆಟ್ಟಿಗೆಯನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಉದಾಹರಣೆಗೆ ‘ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ’ ಎಂದಿದ್ದರೆ ಮೊದಲೆರಡು ಪದ ಕುಲ, ಪ್ರಭೇದ. ಕೊನೆಯ ‘ಜಿಜಿ’ ತಳಿ. ಆ ಎರಡು ಅಕ್ಷರಗಳು ಅದನ್ನು ಬೇರ್ಪಡಿಸಿದ ಗೋರ್ಬಾಕ್ ಮತ್ತು ಗೋಲ್ಡಿನ್ ಎಂಬ ವಿಜ್ಞಾನಿಗಳ ಹೆಸರಿನವು. 2020ರಲ್ಲಿ ಈ ಕುಲವನ್ನು ಹಲವು ಕುಲಗಳಾಗಿ ಒಡೆದು ಹೊಸ ಹೆಸರು ಕೊಟ್ಟದ್ದರಿಂದ ‘ಲ್ಯಾಕ್ಟಿಕೇಸಿಬ್ಯಾಸಿಲಸ್’ ಎಂದೂ ಅಚ್ಚಾಗಿರಬಹುದು, ಎರಡೂ ಒಂದೇ. ತಳಿಯ ಹೆಸರೇ ಇಲ್ಲದ, ಹತ್ತು ಹನ್ನೆರಡು ಪ್ರಭೇದಗಳನ್ನು ಬೆರೆಸಿದ್ದೇವೆ ಎಂದಷ್ಟೇ ಹೇಳುವ ಪೆಟ್ಟಿಗೆಯನ್ನು ನಾನಾದರೆ ಹಿಂದಿರುಗಿಸುತ್ತೇನೆ. ಸಂಖ್ಯೆಯನ್ನು ಸಿ.ಎಫ್.ಯು. ಎಂಬ ಮಾನದಲ್ಲಿ, ಅಂದರೆ ಬೆಳೆಯಬಲ್ಲ ಜೀವಂತ ಸೂಕ್ಷ್ಮಜೀವಿಗಳ ಎಣಿಕೆಯಲ್ಲಿ ಬರೆದಿರುತ್ತಾರೆ. ಒಂದು ಬಿಲಿಯನ್ ಎಂದರೆ 100 ಕೋಟಿ. ಆ ಸಂಖ್ಯೆ ತಯಾರಾದ ದಿನದ್ದೋ, ಅವಧಿ ಮುಗಿಯುವವರೆಗೂ ಖಾತರಿಯಾದದ್ದೋ ನೋಡಿ. ಫ್ರಿಜ್‌ನಲ್ಲಿಡಬೇಕೆಂದು ಬರೆದ ಪೆಟ್ಟಿಗೆ ಅಂಗಡಿಯ ಬಿಸಿಲು ಬೀಳುವ ಕಪಾಟಿನಲ್ಲಿದ್ದರೆ ಕೊಳ್ಳಬೇಡಿ.

ಕ್ಯಾಪ್ಸೂಲಿಗೆ ಗಟ್ಟಿ ಆಧಾರ ಇರುವುದು ಆ್ಯಂಟಿಬಯಾಟಿಕ್ ಜೊತೆಯ ಬಳಕೆಯಲ್ಲಿ. ಆ್ಯಂಟಿಬಯಾಟಿಕ್ ತೆಗೆದುಕೊಂಡ ಮಕ್ಕಳ ಮೇಲಿನ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಜಾಲ 2019ರಲ್ಲಿ ಮಾಡಿದ ಪರಿಶೀಲನೆಯ ಪ್ರಕಾರ, ಪ್ರೊಬಯಾಟಿಕ್ ಪಡೆಯದವರಲ್ಲಿ ನೂರಕ್ಕೆ 19 ಮಕ್ಕಳಿಗೆ ಭೇದಿಯಾದರೆ, ಪಡೆದವರಲ್ಲಿ 8 ಮಕ್ಕಳಿಗೆ ಆಯಿತು. ದಿನಕ್ಕೆ 500 ಕೋಟಿ ಅಥವಾ ಹೆಚ್ಚು ಕೊಟ್ಟಾಗ ಫಲ ಚೆನ್ನಾಗಿತ್ತು. ಹೆಚ್ಚು ಭರವಸೆ ಕಂಡದ್ದು ಎರಡರಲ್ಲಿ: ಮೇಲೆ ಹೇಳಿದ ಜಿಜಿ ತಳಿ ಮತ್ತು ಸ್ಯಾಕರೊಮೈಸಿಸ್ ಬೌಲಾರ್ಡಿ. ಎರಡನೆಯದು ಬ್ಯಾಕ್ಟೀರಿಯಾವಲ್ಲ, ಯೀಸ್ಟ್. ಫ್ರೆಂಚ್ ವಿಜ್ಞಾನಿ ಆನ್ರಿ ಬುಲಾರ್ 1920ರ ದಶಕದಲ್ಲಿ ಇಂಡೊಚೀನಾದಲ್ಲಿ ಲಿಚಿ ಮತ್ತು ಮ್ಯಾಂಗೊಸ್ಟೀನ್ ಹಣ್ಣುಗಳಿಂದ ಇದನ್ನು ಬೇರ್ಪಡಿಸಿದರು. ಯೀಸ್ಟ್ ಆದ್ದರಿಂದ ಆ್ಯಂಟಿಬಯಾಟಿಕ್ ಅದನ್ನು ಕೊಲ್ಲುವುದಿಲ್ಲ. ಬ್ಯಾಕ್ಟೀರಿಯಾದ ಕ್ಯಾಪ್ಸೂಲಾದರೆ ಆ್ಯಂಟಿಬಯಾಟಿಕ್ ನುಂಗಿ ಎರಡು ಗಂಟೆಯಾದರೂ ಬಿಟ್ಟು ತೆಗೆದುಕೊಳ್ಳುವುದು ರೂಢಿ.

ಕೋರ್ಸ್ ಮುಗಿದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕೇ? ಬೇಡ ಎನ್ನಲು ಕಾರಣವಿದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನದಲ್ಲಿ, ಆ್ಯಂಟಿಬಯಾಟಿಕ್ ನಂತರ ಹಲವು ತಳಿಗಳ ಪ್ರೊಬಯಾಟಿಕ್ ಸೇವಿಸಿದವರ ಸ್ವಂತ ಬ್ಯಾಕ್ಟೀರಿಯಾಗಳು ಚೇತರಿಸಿಕೊಳ್ಳಲು, ಏನನ್ನೂ ಸೇವಿಸದೆ ಬಿಟ್ಟವರಿಗಿಂತ ಹೆಚ್ಚು ಕಾಲ ಹಿಡಿಯಿತು. ಒಂದೇ ಅಧ್ಯಯನ ಕೊನೆಯ ಮಾತಲ್ಲ, ಆದರೆ ಸುಮ್ಮನೆ ಮುಂದುವರಿಸುವವರು ಯೋಚಿಸಲು ಅಷ್ಟು ಸಾಕು. ಇದಕ್ಕಿಂತ ದೊಡ್ಡ ವಿಷಯವೊಂದಿದೆ. ನೆಗಡಿಗೂ ವೈರಲ್ ಜ್ವರಕ್ಕೂ ಅಂಗಡಿಯಲ್ಲಿ ಕೇಳಿ ಆ್ಯಂಟಿಬಯಾಟಿಕ್ ನುಂಗುವುದನ್ನು ನಿಲ್ಲಿಸಿದರೆ ಕರುಳಿಗಾಗುವ ಉಪಕಾರ ಯಾವ ಕ್ಯಾಪ್ಸೂಲಿನಿಂದಲೂ ಆಗದು.

ಮಗುವಿಗೆ ವಾಂತಿ ಭೇದಿಯಾದಾಗ ನಮ್ಮಲ್ಲಿ ಪ್ರೊಬಯಾಟಿಕ್ ಪೊಟ್ಟಣ ಮೊದಲು ಬರುತ್ತದೆ, ಓಆರ್‌ಎಸ್ ಆಮೇಲೆ. ಇದು ತಿರುವುಮುರುವು. ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳ ಎರಡು ದೊಡ್ಡ ಪ್ರಯೋಗಗಳು 2018ರಲ್ಲಿ ಪ್ರಕಟವಾದವು. ಅಲ್ಲಿ ಪ್ರೊಬಯಾಟಿಕ್ ಪಡೆದ ಮಕ್ಕಳು ಪಡೆಯದವರಿಗಿಂತ ಬೇಗ ಗುಣವಾಗಲಿಲ್ಲ. ಬೆರಳುದ್ದದ ಬಾಟಲಿಯಲ್ಲಿ ಬರುವ ಬ್ಯಾಸಿಲಸ್ ಕ್ಲಾಸಿಯನ್ನು ಇಂಥ ಭೇದಿಗೆ ಬಳಸದಿರುವುದೇ ಲೇಸೆಂದು ಯುರೋಪಿನ ಮಕ್ಕಳ ಜಠರ-ಕರುಳು ತಜ್ಞರ ಸಂಘ 2020ರಲ್ಲಿ ಹೇಳಿತು. ಭೇದಿಯಲ್ಲಿ ಜೀವ ಉಳಿಸುವುದು ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕದಡಿದ ಓಆರ್‌ಎಸ್ ದ್ರಾವಣ, ಜೊತೆಗೆ ವೈದ್ಯರು ಹೇಳುವ ಜಿಂಕ್, ನಿಲ್ಲಿಸದೆ ಕೊಡುವ ಎದೆಹಾಲು ಮತ್ತು ಆಹಾರ. ಇವೆಲ್ಲ ಆದ ಮೇಲೆ ವೈದ್ಯರು ಪ್ರೊಬಯಾಟಿಕ್ ಬರೆದರೆ ಕೊಡಿ.

ಕೆರಳಿದ ಕರುಳಿನ ತೊಂದರೆ, ಅಂದರೆ ಐಬಿಎಸ್ ಇರುವವರ ಪಾಡು ಬೇರೆ. ಹೊಟ್ಟೆಯುಬ್ಬರ, ನೋವು, ಒಮ್ಮೆ ಮಲಬದ್ಧತೆ, ಒಮ್ಮೆ ಭೇದಿ ಎಂದು ವರ್ಷಗಟ್ಟಲೆ ನರಳುವವರು ಯಾವುದನ್ನಾದರೂ ಪ್ರಯತ್ನಿಸಲು ಸಿದ್ಧರಿರುತ್ತಾರೆ. ಅವರ ವಿಷಯದಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಅಮೆರಿಕದ ಜಠರ-ಕರುಳು ವೈದ್ಯರ ಮಾರ್ಗಸೂಚಿ ಬೇಡ ಎನ್ನುತ್ತದೆ. ಬ್ರಿಟನ್ನಿನ 2021ರ ಮಾರ್ಗಸೂಚಿ, 12 ವಾರದವರೆಗೆ ತೆಗೆದುಕೊಂಡು ನೋಡಿ, ಗುಣ ಕಾಣದಿದ್ದರೆ ನಿಲ್ಲಿಸಿ ಎನ್ನುತ್ತದೆ. ಬ್ರಿಟನ್ನಿನವರ ಮಾತು ನನಗೆ ಒಪ್ಪಿಗೆ. ಒಂದೇ ತಳಿ, ಒಂದು ಗಡುವು, ದಿನವೂ ಒಂದು ಸಾಲು ಟಿಪ್ಪಣಿ. ಗಡುವು ಮುಗಿದಾಗ ಆ ಟಿಪ್ಪಣಿ ನೋಡಿ ತೀರ್ಮಾನ.

ಪ್ರೊಬಯಾಟಿಕ್ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ದೊಡ್ಡ ನಿದರ್ಶನವಿದೆ. ಒಡಿಶಾದ ಹಳ್ಳಿಗಳಲ್ಲಿ ಡಾ. ಪಿನಾಕಿ ಪಾಣಿಗ್ರಾಹಿ ಅವರ ತಂಡ 4,556 ನವಜಾತ ಶಿಶುಗಳ ಮೇಲೆ ಪ್ರಯೋಗ ನಡೆಸಿತು. ಆರೋಗ್ಯವಾಗಿ ಹುಟ್ಟಿದ, 2 ಕಿಲೋಗೆ ಕಡಿಮೆಯಿಲ್ಲದ ಶಿಶುಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನು, ಆ ಬ್ಯಾಕ್ಟೀರಿಯಾದ ಆಹಾರವಾದ ಒಂದು ಬಗೆಯ ಸಕ್ಕರೆಯ ಜೊತೆ, 7 ದಿನ ಕೊಟ್ಟರು. ಸೋಂಕಿನ ನಂಜು (ಸೆಪ್ಸಿಸ್) ಅಥವಾ ಸಾವಿಗೆ ತುತ್ತಾದವರು ನೂರಕ್ಕೆ 9ರಿಂದ 5.4ಕ್ಕೆ ಇಳಿದರು. 2017ರಲ್ಲಿ ಈ ಫಲಿತಾಂಶ ‘ನೇಚರ್’ ಪತ್ರಿಕೆಯಲ್ಲಿ ಬಂತು. ಇದನ್ನು ಓದಿದಾಗ ಸಂತೋಷದಿಂದ ಎದೆ ತುಂಬುತ್ತದೆ. ಹಾಗೆಂದು ಅಂಗಡಿಯಲ್ಲಿ ಸಿಕ್ಕ ಯಾವುದೋ ಪುಡಿಯನ್ನು ಹಸುಗೂಸಿನ ಬಾಯಿಗೆ ಹಾಕಬಾರದು. ಅಲ್ಲಿ ಕೊಟ್ಟದ್ದು ಆರಿಸಿ, ಪರೀಕ್ಷಿಸಿ, ನಿಗಾ ಇಟ್ಟು ಕೊಟ್ಟ ಒಂದು ನಿರ್ದಿಷ್ಟ ತಳಿ.

ಏಕೆಂದರೆ ಅಪಾಯವೂ ಇದೆ. ನೆದರ್ಲೆಂಡ್ಸ್‌ನಲ್ಲಿ ತೀವ್ರ ಮೇದೋಜೀರಕ ಗ್ರಂಥಿಯ ಉರಿಯೂತದ ರೋಗಿಗಳಿಗೆ ಪ್ರೊಬಯಾಟಿಕ್ ಕೊಟ್ಟ ಪ್ರಯೋಗದಲ್ಲಿ, ಪಡೆದವರಲ್ಲಿ ನೂರಕ್ಕೆ 16 ಮಂದಿ, ಪಡೆಯದವರಲ್ಲಿ 6 ಮಂದಿ ಸತ್ತರೆಂದು 2008ರಲ್ಲಿ ವರದಿಯಾಯಿತು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಆಸ್ಪತ್ರೆಯಲ್ಲಿ ಕೊಡುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಕೆ ನೀಡಿತು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ರಕ್ತನಾಳದಲ್ಲಿ ನಳಿಗೆ ಇರುವ ಐಸಿಯು ರೋಗಿಗಳು ವೈದ್ಯರನ್ನು ಕೇಳದೆ ಪ್ರೊಬಯಾಟಿಕ್ ಮುಟ್ಟಬಾರದು.

ನಾರು: ಜಾಹೀರಾತಿಲ್ಲದ ಆಯ್ಕೆ

ಕರುಳಿನ ನೆಲಸಿಗರ ಹೊಟ್ಟೆಪಾಡಿಗೆ ಬೇಕಾದದ್ದು ನಾರು. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಅಷ್ಟೇ ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮೂರು ಹೊತ್ತೂ ಬಿಳಿ ಅನ್ನ, ಇಡ್ಲಿ, ದೋಸೆ ತಿಂದು ರಾತ್ರಿ ಪ್ರೊಬಯಾಟಿಕ್ ನುಂಗುವವರು ಮೊದಲು ಒಂದು ಹೊತ್ತನ್ನು ಮುದ್ದೆಗೋ ಜೋಳದ ರೊಟ್ಟಿಗೋ ಬದಲಾಯಿಸಲಿ. ಹುರುಳಿ, ಅಲಸಂದೆ, ಕಡಲೆ, ಹೆಸರುಕಾಳು, ಈರುಳ್ಳಿ, ಬೆಳ್ಳುಳ್ಳಿ, ನುಗ್ಗೆ ಸೊಪ್ಪು, ಬಾಳೆದಿಂಡು, ಸೀಬೆ ಹಣ್ಣು ಎಲ್ಲವೂ ಒಂದೊಂದು ಬಗೆಯ ಬ್ಯಾಕ್ಟೀರಿಯಾಕ್ಕೆ ಒಂದೊಂದು ಬಗೆಯ ಊಟ. ಒಂದನ್ನೇ ರಾಶಿ ತಿನ್ನುವುದಕ್ಕಿಂತ ವಾರದಲ್ಲಿ ಹಲವನ್ನು ಸ್ವಲ್ಪ ಸ್ವಲ್ಪ ತಿನ್ನುವುದು ಮೇಲು. ಒಮ್ಮೆಗೇ ಹೆಚ್ಚಿಸಿದರೆ ವಾಯು ತುಂಬಿ ಹೊಟ್ಟೆ ಬಿರಿಯುತ್ತದೆ, ಎರಡು ಮೂರು ವಾರದಲ್ಲಿ ಮೆಲ್ಲನೆ ಏರಿಸಿ, ನೀರನ್ನೂ ಹೆಚ್ಚಿಸಿ.

ನಾರು ಮೇಲೋ, ಹುದುಗಿದ ಆಹಾರ ಮೇಲೋ ಎಂಬ ಪ್ರಶ್ನೆಯನ್ನು ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು 36 ಮಂದಿಯ ಮೇಲೆ 10 ವಾರ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಮೊಸರಿನಂಥ ಹುದುಗಿದ ಆಹಾರವನ್ನು ಹೆಚ್ಚು ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಏರಿತು, ರಕ್ತದಲ್ಲಿ ಉರಿಯೂತದ ಹಲವು ಸೂಚಕಗಳು ಇಳಿದವು. ನಾರು ಹೆಚ್ಚಿಸಿದ ಗುಂಪಿನಲ್ಲಿ ಅಷ್ಟು ಅವಧಿಯಲ್ಲಿ ವೈವಿಧ್ಯ ಹೆಚ್ಚಲಿಲ್ಲ. ಅಧ್ಯಯನ ಚಿಕ್ಕದು, ಅವಧಿ ಕಡಿಮೆ. ನನ್ನ ಮಟ್ಟಿಗೆ ಅದು ಎರಡನ್ನೂ ಒಂದೇ ತಟ್ಟೆಯಲ್ಲಿಡಲು ಕಾರಣ: ಮುದ್ದೆ, ಉಪ್ಸಾರು, ಕೊನೆಗೊಂದು ಲೋಟ ಮಜ್ಜಿಗೆ.

ಇಷ್ಟೆಲ್ಲ ಹೇಳಿದ ಮೇಲೂ ಕೆಲವು ತೊಂದರೆಗಳಿಗೆ ಮೊಸರೂ ಬೇಡ, ಕ್ಯಾಪ್ಸೂಲೂ ಬೇಡ, ನೇರ ವೈದ್ಯರೇ ಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಬದಲಾದ ಮಲವಿಸರ್ಜನೆಯ ಕ್ರಮ: ಇವುಗಳಲ್ಲಿ ಒಂದು ಕಂಡರೂ ಪ್ರೊಬಯಾಟಿಕ್ ತೆಗೆದುಕೊಂಡು ಕಾಯುತ್ತಾ ಕೂರಬೇಡಿ.